ಹಿತ್ತಲ ಗಿಡ ಮದ್ದಲ್ಲ, ಊಟ



‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಕೈಗೆ ಸುಲಭವಾಗಿ ಸಿಕ್ಕುವ ವಸ್ತುವಿಗೆ ಬೆಲೆ ಕಡಿಮೆ ಎಂಬುದು ಅದರ ಅರ್ಥ. ವೈದ್ಯನಾದ ನಾನು ಈ ಗಾದೆಯನ್ನು ಬೇರೊಂದು ಅರ್ಥದಲ್ಲಿ ಒಪ್ಪುತ್ತೇನೆ. ಹಿತ್ತಲ ಗಿಡ ನಿಜವಾಗಿಯೂ ಮದ್ದಲ್ಲ, ಅದು ಊಟ. ಊಟವನ್ನೇ ಮದ್ದೆಂದು ತಿಳಿದು ಮಾತ್ರೆಯನ್ನು ಬಿಡುವುದು ತಪ್ಪು. ಮಾತ್ರೆ ಇದೆಯಲ್ಲಾ ಎಂದು ಊಟವನ್ನು ಅಲಕ್ಷಿಸುವುದೂ ಅಷ್ಟೇ ತಪ್ಪು. ಈ ಎರಡನ್ನೂ ಸರಿಯಾಗಿ ತಿಳಿದುಕೊಂಡರೆ, ಬಚ್ಚಲ ನೀರು ಹರಿದು ಕೆಸರಾಗಿ ನಿಲ್ಲುವ ಹಿತ್ತಲಿನಿಂದಲೇ ತಾಯಿ ಮಕ್ಕಳ ಆರೋಗ್ಯಕ್ಕೆ ಬಹಳಷ್ಟು ನೆರವು ದೊರೆಯುತ್ತದೆ.

2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಇಬ್ಬರಿಗೆ ಇದೆ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆ ಎನ್ನುತ್ತೇವೆ. 7 ಗ್ರಾಂಗಿಂತ ಕಡಿಮೆಯಾದರೆ ಅದು ತೀವ್ರ ಸ್ವರೂಪದ್ದು. ಅಂಥ ತಾಯಿಗೆ ಹೆರಿಗೆಯ ವೇಳೆ ಸ್ವಲ್ಪ ಹೆಚ್ಚು ರಕ್ತಸ್ರಾವವಾದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಒಂದು ಮನೆಯ ಕಥೆ

ನಾನು ಸೇವೆ ಸಲ್ಲಿಸುತ್ತಿರುವ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಬಯಲುಸೀಮೆಯ ಒಂದು ಸಣ್ಣ ಗ್ರಾಮವಿದೆ. ಅಲ್ಲಿನ ಒಬ್ಬ ತರುಣಿ ತನ್ನ ಎರಡನೆಯ ಬಸಿರಿನ ಐದನೆಯ ತಿಂಗಳಲ್ಲಿ ಪರೀಕ್ಷೆಗೆ ಬಂದಳು. ಆಕೆಯ ಹಿಮೋಗ್ಲೋಬಿನ್ ಕೇವಲ 8 ಗ್ರಾಂ ಇತ್ತು. ಚೊಚ್ಚಲ ಹೆರಿಗೆಯಲ್ಲಿ ಆಕೆಗೆ ವಿಪರೀತ ರಕ್ತಸ್ರಾವವಾಗಿ ಎರಡು ಬಾಟಲಿ ರಕ್ತ ಕೊಡಬೇಕಾಗಿ ಬಂದಿತ್ತು. ಆ ರಾತ್ರಿ ರಕ್ತಕ್ಕಾಗಿ ಅಲೆದುದನ್ನು ಗಂಡ ಮರೆತಿರಲಿಲ್ಲ. ಕಬ್ಬಿಣದ ಮಾತ್ರೆಗಳನ್ನು ಆಶಾ ಕಾರ್ಯಕರ್ತೆ ಕೊಟ್ಟಿದ್ದರೂ, ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಆಕೆ ಅವುಗಳನ್ನು ಗೂಡಿನಲ್ಲಿಟ್ಟು ಮರೆತಿದ್ದಳು.

ಹಿಂದಿನ ದಿನ ಏನೇನು ಊಟ ಮಾಡಿದೆ ಎಂದು ಕೇಳಿದೆ. ಬೆಳಿಗ್ಗೆ ಮುದ್ದೆ, ಬೇಳೆಯ ತಿಳಿಸಾರು, ಮಧ್ಯಾಹ್ನ ಚಹಾ, ರಾತ್ರಿ ಅನ್ನ, ಅದೇ ಸಾರು. ತರಕಾರಿ? ಸಂತೆಯ ದಿನ ತಂದದ್ದು ಎರಡು ದಿನಕ್ಕೆ ಮುಗಿಯುತ್ತದೆ. ಸೊಪ್ಪು? ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ಸಿಕ್ಕಿದರೆ ಉಂಟು, ಇಲ್ಲವಾದರೆ ಇಲ್ಲ.

ಮಾತ್ರೆಯ ಮಹತ್ವವನ್ನು ತಿಳಿಸಿ, ದಿನಕ್ಕೆ ಎರಡರಂತೆ ತೆಗೆದುಕೊಳ್ಳಲು ಹೇಳಿದೆ. ಮಲ ಕಪ್ಪಾಗುವುದರಿಂದ ಯಾವ ಅಪಾಯವೂ ಇಲ್ಲವೆಂದೂ, ಊಟವಾದ ಮೇಲೆ ನುಂಗಿದರೆ ತೊಳಸುವಿಕೆ ಕಡಿಮೆಯಾಗುವುದೆಂದೂ ವಿವರಿಸಿದೆ. ಆಗ ಗಂಡ ಒಂದು ಪ್ರಶ್ನೆ ಕೇಳಿದ: “ಡಾಕ್ಟ್ರೇ, ಮಾತ್ರೆ ನೀವು ಕೊಡ್ತೀರಿ. ಮನೇಲಿ ನಾನು ಮಾಡೋದು ಏನೈತೆ, ಹೇಳಿ.” ಇಂಥ ಪ್ರಶ್ನೆಯನ್ನು ಗಂಡಂದಿರು ಕೇಳುವುದು ಅಪರೂಪ. ಈ ಲೇಖನವೆಲ್ಲ ಆ ಪ್ರಶ್ನೆಗೆ ಉತ್ತರವೆಂದು ತಿಳಿಯಿರಿ.

ಅವನು ಮಾಡಿದ ಮೊದಲ ಕೈತೋಟ ಪೂರ್ತಿ ಕೆಟ್ಟಿತು. ಒಂದು ಹಿಡಿ ದಂಟಿನ ಬೀಜವನ್ನು ಅಂಗೈಯಗಲದ ಜಾಗದಲ್ಲಿ ಸುರಿದಿದ್ದ. ಮೊಳಕೆ ಚಾಪೆಯಂತೆ ಒತ್ತಾಗಿ ಬಂದು ಬುಡ ಕೊಳೆತು ಬಿದ್ದಿತು. ಉಳಿದುದನ್ನು ಕೋಳಿಗಳು ಕೆದಕಿದವು. ನಾನು ಅವನನ್ನು ನೋಡಿ ನಗುವಂತಿರಲಿಲ್ಲ. ಏಕೆಂದರೆ ನಮ್ಮ ವಸತಿಗೃಹದ ಹಿಂದೆ ನಾನೇ ಹಸಿ ಸಗಣಿಯನ್ನು ಮಣ್ಣಿಗೆ ಬೆರೆಸಿ ಮೆಂತ್ಯ ಬಿತ್ತಿ, ಅದಕ್ಕೆ ಗೊಣ್ಣೆಹುಳು ಬಿದ್ದು ಒಂದು ಎಸಳೂ ಕೈಗೆ ಬಂದಿರಲಿಲ್ಲ. ನಮ್ಮಿಬ್ಬರಿಗೂ ಬುದ್ಧಿ ಹೇಳಿದವರು ಪಕ್ಕದ ಮನೆಯ ಅಜ್ಜಿ. “ಬೀಜ ಅನ್ನೋದು ಕೂಸಿದ್ದಂಗೆ ಕಣಪ್ಪ. ಅದಕ್ಕೂ ಉಸಿರಾಡೋಕೆ ಜಾಗ ಬೇಕು,” ಎಂದರು. ದಂಟಿನ ಬೀಜಕ್ಕೆ ನಾಲ್ಕರಷ್ಟು ಮರಳು ಬೆರೆಸಿ ಎರಚಬೇಕೆಂದು ಅವರು ತೋರಿಸಿಕೊಟ್ಟರು. ಎರಡನೆಯ ಸಲದ ದಂಟು ಇಪ್ಪತ್ತೆಂಟನೆಯ ದಿನ ಕೊಯ್ಲಿಗೆ ಬಂದಿತು.

ಕೈತೋಟದ ಯೋಜನೆ

ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ. ಅದರ ಕಾಲು ಭಾಗ, ಅಂದರೆ ಸುಮಾರು ಹದಿನಾರೂವರೆ ಅಡಿ ಚೌಕ, ಪ್ರಾರಂಭಕ್ಕೆ ಸಾಕು. ಸಂಸಾರಕ್ಕೆ ಬೇಕಾದ ತರಕಾರಿಯೆಲ್ಲ ಇದರಿಂದ ದೊರೆಯುವುದಿಲ್ಲ. ಆದರೆ ಸಂತೆಯಿಂದ ಸಂತೆಗೆ ನಡುವೆ ಸೊಪ್ಪಿಲ್ಲದ ದಿನಗಳು ಕಡಿಮೆಯಾಗುತ್ತವೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಸ್ಥಳವನ್ನು ಆರಿಸಿಕೊಳ್ಳಿ. ಶೌಚಾಲಯದ ಗುಂಡಿಯ ಪಕ್ಕದ ಜಾಗ ಬೇಡ.

ಏಳು ಅಡಿ ಉದ್ದ, ನಾಲ್ಕು ಅಡಿ ಅಗಲದ ಆರು ಮಡಿಗಳನ್ನು ಎರಡು ಸಾಲಾಗಿ ಮಾಡಿ, ನಡುವೆ ಒಂದೊಂದು ಅಡಿ ಕಾಲುದಾರಿ ಬಿಡಿ. ಮಡಿ ನಾಲ್ಕು ಅಡಿಗಿಂತ ಅಗಲವಾದರೆ ನಡುವಿನ ಕಳೆಗೆ ಕೈ ನಿಲುಕದೆ ಮಡಿಯನ್ನು ತುಳಿಯಬೇಕಾಗುತ್ತದೆ. ತುಳಿದ ಮಣ್ಣು ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಮಡಿಯನ್ನು ಅರ್ಧ ಅಡಿ ಎತ್ತರಿಸಿ. ಬೇಸಿಗೆಯಲ್ಲಿ ನೀರು ನಿಲ್ಲುವಂತೆ ತಗ್ಗಿಸಿ.

ಮೊದಲ ಎರಡು ಮಡಿಗಳು ಸೊಪ್ಪಿಗೆ ಮೀಸಲು: ದಂಟು, ಮೆಂತ್ಯ, ಪಾಲಕ್, ಕೊತ್ತಂಬರಿ. ಮೂರನೆಯದು ಬದನೆ, ಟೊಮೇಟೊ, ಮೆಣಸಿನ ಗಿಡಗಳಿಗೆ. ನಾಲ್ಕನೆಯದು ಬೆಂಡೆಗೆ. ಐದನೆಯದು ಅಲಸಂದೆ ಅಥವಾ ಹುರುಳಿಕಾಯಿಗೆ. ಆರನೆಯದು ಮೂಲಂಗಿ, ಈರುಳ್ಳಿಗೆ. ಸುತ್ತಲಿನ ಬೇಲಿಗೆ ಹೀರೆ, ಹಾಗಲ, ಚಪ್ಪರದವರೆಯನ್ನು ಹಬ್ಬಿಸಿ. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು ಇರಲಿ. ಸೋಪಿನ ಕೊಳೆ ನೀರನ್ನು ಸೊಪ್ಪಿನ ಮಡಿಗೆ ಬಿಡಬಾರದು. ಪರಂಗಿಗೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ಅದನ್ನು ತುಸು ಎತ್ತರದಲ್ಲಿ ನೆಡಿ. ನುಗ್ಗೆ, ಕರಿಬೇವು, ನಿಂಬೆಗಳನ್ನು ಉತ್ತರ ದಿಕ್ಕಿನಲ್ಲಿ ನೆಟ್ಟರೆ, ವರ್ಷದ ಹೆಚ್ಚು ಕಾಲ ಅವುಗಳ ನೆರಳು ಮಡಿಗಳ ಮೇಲೆ ಬೀಳುವುದಿಲ್ಲ.

ಬದನೆ, ಟೊಮೇಟೊ, ಮೆಣಸು ಮೂರೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು. ಒಂದೇ ಮಡಿಯಲ್ಲಿ ಪದೇಪದೇ ಬೆಳೆದರೆ ಸೊರಗುರೋಗ ಮಣ್ಣಿನಲ್ಲಿ ನೆಲೆಸುತ್ತದೆ. ಆದುದರಿಂದ ಅವುಗಳ ನಂತರ ಆ ಮಡಿಗೆ ಅಲಸಂದೆಯನ್ನೋ ಸೊಪ್ಪನ್ನೋ ಹಾಕಿ. ಅಲಸಂದೆ, ಅವರೆಗಳ ಬೇರಿನ ಗಂಟುಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದಿಟ್ಟು ಮಣ್ಣಿಗೆ ಬಲ ಕೊಡುತ್ತವೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದ ನಮ್ಮ ಹಿರಿಯರಿಗೆ ಇದರ ಪ್ರಯೋಜನ ತಿಳಿದಿತ್ತು.

ಬಿತ್ತನೆಯ ಕ್ರಮ

ಎಲ್ಲ ಬೀಜಗಳನ್ನೂ ಒಂದೇ ದಿನ ಬಿತ್ತುವುದು ಹೊಸಬರು ಮಾಡುವ ದೊಡ್ಡ ತಪ್ಪು. ಒಂದು ವಾರ ಸೊಪ್ಪು ಮೇಲೆ ಬಿದ್ದು ಹಾಳಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಇರುವುದಿಲ್ಲ. ಸೊಪ್ಪಿನ ಮಡಿಯನ್ನು ನಾಲ್ಕು ಪಾಲು ಮಾಡಿ ವಾರಕ್ಕೊಂದು ಪಾಲು ಬಿತ್ತಿರಿ. ನಾಲ್ಕನೆಯ ಪಾಲು ಬಿತ್ತಿ ಮುಗಿಯುವ ಹೊತ್ತಿಗೆ ಮೊದಲ ಪಾಲು ಕೊಯ್ಲಿಗೆ ಬರುತ್ತದೆ.

ದಂಟು ಮತ್ತು ಮೆಂತ್ಯ 25ರಿಂದ 30 ದಿನಗಳಲ್ಲಿ, ಕೊತ್ತಂಬರಿ 35ರಿಂದ 40 ದಿನಗಳಲ್ಲಿ, ಮೂಲಂಗಿ 40ರಿಂದ 45 ದಿನಗಳಲ್ಲಿ ಕೈಗೆ ಬರುತ್ತವೆ. ಬೆಂಡೆ 45ರಿಂದ 50 ದಿನಗಳಲ್ಲಿ ಕಾಯಿಬಿಡತೊಡಗುತ್ತದೆ. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಹಾಗಲದ ಬೀಜದ ಸಿಪ್ಪೆ ಗಡುಸಾದುದರಿಂದ ಒಂದು ರಾತ್ರಿ ನೀರಿನಲ್ಲಿ ನೆನೆಸಬೇಕು. ಬೀಜವನ್ನು ಅದರ ದಪ್ಪದ ಎರಡು ಮೂರರಷ್ಟು ಆಳಕ್ಕೆ ಮಾತ್ರ ಹೂಳಬೇಕು. ಆಳಕ್ಕೆ ಹೋದ ಸಣ್ಣ ಬೀಜ ಮೇಲೆ ಬರಲಾರದು.

ಟೊಮೇಟೊ, ಬದನೆ, ಮೆಣಸುಗಳನ್ನು ಮೊದಲು ಸಸಿಮಡಿಯಲ್ಲಿ ಬೆಳೆಸಬೇಕು. ಟೊಮೇಟೊ ಸಸಿಗಳನ್ನು 25ರಿಂದ 30 ದಿನಗಳಿಗೆ, ಬದನೆಯನ್ನು 30ರಿಂದ 35 ದಿನಗಳಿಗೆ, ಮೆಣಸನ್ನು 40ರಿಂದ 45 ದಿನಗಳಿಗೆ ಕಿತ್ತು ನೆಡಬಹುದು. ನೆಡುವ ಕೆಲಸವನ್ನು ಸಂಜೆಯ ತಂಪಿನಲ್ಲಿ ಮಾಡಿ. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರವಿರಲಿ.

ನುಗ್ಗೆಯನ್ನು ಬೀಜದಿಂದಲೂ ಬೆಳೆಸಬಹುದು, ಮೂರು ನಾಲ್ಕು ಅಡಿ ಉದ್ದದ ಬಲಿತ ಕೊಂಬೆಯನ್ನು ನೆಟ್ಟೂ ಬೆಳೆಸಬಹುದು. ಮೃಗಶಿರ, ಆರಿದ್ರ ಮಳೆಗಳ ಕಾಲ ಅದಕ್ಕೆ ಅನುಕೂಲ. ಕಂಬಳಿಹುಳು ಬರುತ್ತದೆಂದು ಅನೇಕರು ನುಗ್ಗೆಯನ್ನು ಮನೆಯ ಹತ್ತಿರ ಬಿಡುವುದಿಲ್ಲ. ಈ ಹುಳುಗಳು ಹಗಲಿನಲ್ಲಿ ಕಾಂಡದ ಮೇಲೆ ಗುಂಪಾಗಿ ಅಂಟಿಕೊಂಡಿರುತ್ತವೆ. ಆಗ ಪಂಜು ಹಿಡಿದು ಸುಟ್ಟರೆ ಕಾಟ ನೀಗುತ್ತದೆ. ಮರವನ್ನು ಆಳೆತ್ತರಕ್ಕೆ ಬಿಡದೆ ಎದೆಮಟ್ಟಕ್ಕೆ ಸವರುತ್ತಿದ್ದರೆ ಸೊಪ್ಪು ಕೈಗೆಟುಕುತ್ತದೆ. ಪರಂಗಿಯಲ್ಲಿ ಗಂಡು ಗಿಡಗಳು ಕಾಯಿ ಬಿಡದೆ ನಿರಾಸೆಯಾಗುವುದುಂಟು. ಕೊಡಗಿನ ಚೆಟ್ಟಳ್ಳಿಯ ‘ಕೂರ್ಗ್ ಹನಿಡ್ಯೂ’ ತಳಿಯಲ್ಲಿ ಈ ತೊಂದರೆಯಿಲ್ಲ. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ‘ಅರ್ಕಾ ಸುಗುಣ’ ದಂಟು, ‘ಅರ್ಕಾ ಅನಾಮಿಕಾ’ ಬೆಂಡೆ ಮೊದಲಾದ ತಳಿಗಳು ಕೈತೋಟಕ್ಕೆ ಒಗ್ಗುತ್ತವೆ.

ಗೊಬ್ಬರ ಮತ್ತು ಕೀಟ

ಅಡುಗೆಮನೆಯ ಕಸ, ತರಗೆಲೆ, ಸಗಣಿಗಳನ್ನು ಪದರಪದರವಾಗಿ ಗುಂಡಿಯಲ್ಲಿ ತುಂಬಿ, ನೀರು ಚಿಮುಕಿಸಿ, ಮೇಲೆ ಮಣ್ಣು ಮುಚ್ಚಿರಿ. ಮೂರು ನಾಲ್ಕು ತಿಂಗಳಲ್ಲಿ ವಾಸನೆಯಿಲ್ಲದ ಕಪ್ಪು ಪುಡಿ ಗೊಬ್ಬರವಾಗುತ್ತದೆ. ಅಂಥ ಕಳಿತ ಗೊಬ್ಬರವನ್ನು ಮಾತ್ರ ಬಳಸಬೇಕು.

ಎಲೆಯ ಹೇನಿಗೆ ಬೆಳಗಿನ ಇಬ್ಬನಿ ಆರುವ ಮುನ್ನ ಬೂದಿ ಎರಚಿ. ಬದನೆಯ ಕುಡಿ ಬಾಡಿ ಬಾಗಿದರೆ ಒಳಗೆ ಕಾಂಡಕೊರಕ ಹುಳುವಿದೆಯೆಂದು ತಿಳಿದು, ಆ ಕುಡಿಯನ್ನು ಕೆಳಗಿನಿಂದ ಚಿವುಟಿ ಸುಟ್ಟುಬಿಡಿ. ಬೆಂಡೆಯ ಎಲೆಯ ನರಗಳು ಹಳದಿಯಾದ ಗಿಡವನ್ನು ಕೂಡಲೇ ಕಿತ್ತುಹಾಕಿ. ಆ ರೋಗವನ್ನು ಬಿಳಿನೊಣ ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಲೀಟರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಚೂರು ಸೋಪು ಕದಡಿ ಸಿಂಪಡಿಸಿದರೆ ಹಲವು ಕೀಟಗಳು ಹತೋಟಿಗೆ ಬರುತ್ತವೆ.

ಇಲ್ಲಿ ವೈದ್ಯನಾಗಿ ಒಂದು ಕಳಕಳಿಯ ಮಾತು. ಹೊಲಕ್ಕೆ ತಂದ ಕೀಟನಾಶಕದಲ್ಲಿ ಉಳಿದುದನ್ನು ಕೈತೋಟಕ್ಕೆ ಹೊಡೆಯಬೇಡಿ. ಇಂದು ಹೊಡೆದು ನಾಳೆ ಕೊಯ್ಯುವ ಸೊಪ್ಪಿನಲ್ಲಿ ವಿಷ ಉಳಿದಿರುತ್ತದೆ. ಆ ಸೀಸೆಯನ್ನು ಮನೆಯೊಳಗೆ ಇಡಲೇಬೇಡಿ. ವಿಷ ಸೇವನೆಯ ಪ್ರಕರಣಗಳಲ್ಲಿ ನನ್ನ ಮುಂದೆ ಬಂದವರಲ್ಲಿ ನೀರೆಂದು ತಿಳಿದು ಕುಡಿದ ಮಗುವೂ ಇತ್ತು. ಸಿಟ್ಟಿನ ಒಂದು ಗಳಿಗೆಯಲ್ಲಿ ಕೈಗೆ ಸಿಕ್ಕಿತೆಂದು ಕುಡಿದ ಗೃಹಿಣಿಯೂ ಇದ್ದಳು. ಕೈಗೆ ಸಿಕ್ಕದಿದ್ದರೆ ಆ ಗಳಿಗೆ ಕಳೆದುಹೋಗುತ್ತಿತ್ತು. ಖಾಲಿಯಾದ ಡಬ್ಬದಲ್ಲಿ ಗಿಡ ಬೆಳೆಸುವುದೂ, ನೀರು ತುಂಬಿಡುವುದೂ ಸಲ್ಲದು.

ಬರಿಗಾಲಿನ ಅಪಾಯ

ಕೈತೋಟದಿಂದ ರಕ್ತ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು. ಬಯಲು ಮಲವಿಸರ್ಜನೆ ನಡೆಯುವ ಕಡೆ ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿರುತ್ತವೆ. ಅವು ಬರಿಗಾಲಿನ ಚರ್ಮವನ್ನು ಕೊರೆದು ದೇಹವನ್ನು ಸೇರಿ, ಕೊನೆಗೆ ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತವೆ. ಎಷ್ಟು ಸೊಪ್ಪು ತಿಂದರೂ ರಕ್ತ ಏರದ ಕೆಲವರಲ್ಲಿ ಕಾರಣ ಇದೇ. ಆದುದರಿಂದ ಮೆಟ್ಟು ಮೆಟ್ಟಿಯೇ ಹಿತ್ತಲಿಗಿಳಿಯಿರಿ. ಶೌಚಾಲಯವನ್ನು ಎಲ್ಲರೂ ಬಳಸಿರಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈತೊಳೆಯಿರಿ. ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ತಪ್ಪದೆ ಮಾತ್ರೆ ಕೊಡಿಸಿರಿ. ಗರ್ಭಿಣಿಯರು ಮೊದಲ ಮೂರು ತಿಂಗಳು ಕಳೆದ ಬಳಿಕ ವೈದ್ಯರ ಸಲಹೆಯಂತೆ ಈ ಮಾತ್ರೆಯನ್ನು ತೆಗೆದುಕೊಳ್ಳಬಹುದು.

ಕುಂಡದ ತಟ್ಟೆ, ತೆಂಗಿನ ಕರಟ, ಒಡೆದ ಮಡಕೆಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಡೆಂಗೆ ಹರಡುವ ಸೊಳ್ಳೆ ಅಂಥ ನೀರಿನಲ್ಲಿಯೇ ಹುಟ್ಟುತ್ತದೆ.

ಕೂಡಿ ಕಲಿಯುವುದು

ಆ ಗ್ರಾಮದ ಮೊದಲ ಹಿತ್ತಿಲು ಹಸಿರಾದುದನ್ನು ನೋಡಿ ಇನ್ನೂ ಮೂರು ಮನೆಯವರು ಮಡಿ ಮಾಡಿದರು. ಪ್ರತಿ ತಿಂಗಳು ಅಂಗನವಾಡಿಯಲ್ಲಿ ತಾಯಂದಿರ ಪರೀಕ್ಷೆ, ಮಕ್ಕಳ ತೂಕ ಮುಗಿದ ಮೇಲೆ ಅರ್ಧ ಗಂಟೆ ಕುಳಿತು ಕೈತೋಟದ ಮಾತನಾಡುವ ರೂಢಿ ಬೆಳೆಯಿತು. ಮನೆಗೊಬ್ಬರು ಮೂರೇ ವಿಷಯ ಹೇಳಬೇಕು: ಈ ತಿಂಗಳು ಏನು ಬಂತು, ಏನು ಕೆಟ್ಟಿತು, ಬರುವ ತಿಂಗಳು ಏನು ಹಾಕುವುದು.

ಕೆಟ್ಟುದನ್ನು ಹೇಳಿಕೊಳ್ಳಲು ಮೊದಮೊದಲು ಎಲ್ಲರಿಗೂ ಸಂಕೋಚ. ಆದರೆ ಅತ್ಯಂತ ಉಪಯುಕ್ತವಾದುದು ಆ ಮಾತುಗಳೇ. ಒಬ್ಬರ ಹೀರೆಬಳ್ಳಿ ಹೂ ಬಿಟ್ಟರೂ ಕಾಯಿ ಕಚ್ಚಲಿಲ್ಲ. ಮೊದಲು ಬರುವ ಹೂಗಳೆಲ್ಲ ಗಂಡು ಹೂಗಳು, ಹತ್ತು ದಿನ ತಾಳಿರಿ ಎಂದು ಇನ್ನೊಬ್ಬರು ಹೇಳಿದರು, ಹಾಗೆಯೇ ಆಯಿತು. ಮತ್ತೊಬ್ಬರು ಟೊಮೇಟೊಗೆ ಯೂರಿಯಾ ಸುರಿದು ಎದೆಯುದ್ದ ಗಿಡ ಬೆಳೆಸಿದ್ದರು, ಕಾಯಿ ಮಾತ್ರ ಬೆರಳೆಣಿಕೆಯಷ್ಟು. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಬಿತ್ತಿದ ದಿನ, ಕೊಯ್ದ ದಿನಗಳನ್ನು ಹಳೆಯ ನೋಟ್ ಪುಸ್ತಕದಲ್ಲಿ ಬರೆದಿಡತೊಡಗಿದಳು. ಒಂದು ವರ್ಷ ಕಳೆದ ಮೇಲೆ, ಆ ಊರಿನ ಮಣ್ಣಿಗೆ ಯಾವುದು ಯಾವಾಗ ಬರುತ್ತದೆ ಎಂಬ ವಿಷಯದಲ್ಲಿ ಆ ಪುಸ್ತಕ ನನ್ನ ಮಾತಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾಯಿತು.

ಬೀಜದ ವಿನಿಮಯವೂ ಅಲ್ಲಿಯೇ ನಡೆಯುತ್ತದೆ. ಒಳ್ಳೆಯ ಕಾಯಿಗಳನ್ನೆಲ್ಲ ಕೊಯ್ದುಂಡು, ಕೊನೆಗೆ ಉಳಿದ ಗೊಡ್ಡು ಕಾಯಿಯನ್ನು ಬೀಜಕ್ಕೆ ಬಿಡುವುದು ನಮ್ಮ ರೂಢಿ. ಇದು ಸರಿಯಲ್ಲ. ರೋಗವಿಲ್ಲದ, ಹೆಚ್ಚು ಕಾಯಿ ಬಿಟ್ಟ ಗಿಡವನ್ನು ಮೊದಲೇ ಗುರುತಿಸಿ ಅದಕ್ಕೆ ದಾರ ಕಟ್ಟಿ, ಅದರ ಒಳ್ಳೆಯ ಕಾಯಿಯನ್ನೇ ಬಲಿಯಲು ಬಿಡಿ. ಚೆನ್ನಾಗಿ ಒಣಗಿಸಿದ ಬೀಜವನ್ನು ಬೂದಿ, ಒಣಗಿದ ಬೇವಿನ ಎಲೆಗಳೊಡನೆ ಮಡಕೆಯಲ್ಲಿಡಿ. ಸೋರೆ, ಕುಂಬಳದ ಬೀಜಗಳನ್ನು ಸಗಣಿಯ ಬೆರಣಿಗೆ ಒತ್ತಿ ಗೋಡೆಗೆ ಬಡಿಯುತ್ತಿದ್ದ ಅಜ್ಜಿಯರ ಪದ್ಧತಿಯೂ ಒಳ್ಳೆಯದೇ. ಹಂಚುವ ಮೊದಲು ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಏಳೆಂಟಾದರೂ ಮೊಳೆತರೆ ಆ ಬೀಜ ಕೊಡಲು ಯೋಗ್ಯ. ಅಂಗಡಿಯ ಹೈಬ್ರಿಡ್ ತಳಿಯಿಂದ ತೆಗೆದ ಬೀಜ ತಾಯಿಗಿಡದಂತೆ ಬರುವುದಿಲ್ಲವಾದುದರಿಂದ ಅದನ್ನು ಉಳಿಸಿ ಫಲವಿಲ್ಲ.

ಮಡಿಯಿಂದ ತಟ್ಟೆಗೆ

ಮೂರನೆಯ ತಿಂಗಳ ಕೂಟದಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ: “ನಿನ್ನೆ ಕೊಯ್ದ ಸೊಪ್ಪು ಯಾರ ಯಾರ ತಟ್ಟೆಗೆ ಎಷ್ಟೆಷ್ಟು ಬಂತು?” ಕೆಲಕಾಲ ಯಾರೂ ಮಾತನಾಡಲಿಲ್ಲ. ಗಂಡಸರಿಗೆ, ಮಕ್ಕಳಿಗೆ, ಅತ್ತೆ ಮಾವಂದಿರಿಗೆ ಬಡಿಸಿದ ಮೇಲೆ, ಬಸುರಿಯ ಪಾಲಿಗೆ ಉಳಿದುದು ಪಾತ್ರೆಯ ತಳದ ತಿಳಿಸಾರು. ಎರಡು ಮನೆಗಳಲ್ಲಂತೂ ಎಳೆಯ ಸೊಪ್ಪೆಲ್ಲ ಕಟ್ಟಾಗಿ ಸಂತೆಗೆ ಹೋಗಿತ್ತು.

ದಂಪತಿಗಳೇ, ಈ ಲೇಖನದಲ್ಲಿ ನೀವು ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಮಡಿಯಲ್ಲಿ ಬೆಳೆದ ಮಾತ್ರಕ್ಕೆ ಸೊಪ್ಪು ರಕ್ತವಾಗುವುದಿಲ್ಲ. ಅದು ತಾಯಿಯ ತಟ್ಟೆಯನ್ನು ಸೇರಬೇಕು. ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣಿರಿ. ಅದು ಸಾಧ್ಯವಾಗದಿದ್ದರೆ ಬಸುರಿ ಬಾಣಂತಿಯರ ಪಾಲನ್ನು ಮೊದಲೇ ತೆಗೆದಿರಿಸಿ. ಮಾರುವುದು ತಪ್ಪಲ್ಲ, ಮನೆಯ ಪಾಲು ತೆಗೆದ ಮೇಲೆ ಮಿಕ್ಕುದನ್ನು ಮಾರಿರಿ. ಆ ತರುಣಿಯ ಅತ್ತೆ ಅಂದಿನಿಂದ ಸೊಸೆಯ ಪಲ್ಯವನ್ನು ಬೇರೆ ಬಟ್ಟಲಿನಲ್ಲಿ ಮುಚ್ಚಿಡತೊಡಗಿದರು. ನಾನು ಬರೆದುಕೊಟ್ಟ ಯಾವ ಚೀಟಿಗಿಂತಲೂ ಆ ಬಟ್ಟಲು ದೊಡ್ಡದೆಂದು ನನ್ನ ಭಾವನೆ.

ಸೊಪ್ಪನ್ನು ಮೊದಲು ತೊಳೆದು ಅನಂತರ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆದರೆ ಜೀವಸತ್ವಗಳು ನೀರುಪಾಲಾಗುತ್ತವೆ. ಬೇಯಿಸಿದ ನೀರನ್ನು ಚೆಲ್ಲಬಾರದು. ಬಸ್ಸಾರು ಈ ದೃಷ್ಟಿಯಿಂದ ಬಹಳ ಒಳ್ಳೆಯ ಅಡುಗೆ: ಬಸಿದ ಕಟ್ಟು ಸಾರಾಗುತ್ತದೆ, ಸೊಪ್ಪು ಪಲ್ಯವಾಗುತ್ತದೆ. ಸೊಪ್ಪಿನಲ್ಲಿರುವ ಎ ಜೀವಸತ್ವದ ಮೂಲವಸ್ತು ದೇಹಕ್ಕೆ ಹತ್ತಲು ಸ್ವಲ್ಪ ಎಣ್ಣೆಯ ಒಗ್ಗರಣೆ ಬೇಕು. ಈ ಜೀವಸತ್ವದ ಕೊರತೆಯಿಂದಲೇ ಮಕ್ಕಳಿಗೆ ಇರುಳುಗಣ್ಣು ಬರುವುದು. ಸೊಪ್ಪಿನ ಕಬ್ಬಿಣಾಂಶದಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣು ಜೊತೆಗಿದ್ದರೆ ಆ ಭಾಗ ಹೆಚ್ಚುತ್ತದೆ. ಊಟದೊಡನೆ ಕಾಫಿ, ಚಹಾ ಕುಡಿದರೆ ಕಡಿಮೆಯಾಗುತ್ತದೆ. ಒಂದು ಗಂಟೆಯಾದರೂ ಅಂತರವಿರಲಿ. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು. ಅನಂತರ ಮಿದ್ದ ಅನ್ನ, ಬೇಳೆಯೊಡನೆ ಚೆನ್ನಾಗಿ ಬೆಂದ ಸೊಪ್ಪನ್ನು ನುಣ್ಣಗೆ ಮಾಡಿ ಕೊಡಬಹುದು.

ದಂಪತಿಗಳು ಕೇಳುವ ಪ್ರಶ್ನೆಗಳು

*ಸೊಪ್ಪು ತಿನ್ನುತ್ತಿದ್ದರೆ ಕಬ್ಬಿಣದ ಮಾತ್ರೆ ಬಿಡಬಹುದೇ?*
ಬಿಡಬಾರದು. ಬಸಿರಿನಲ್ಲಿ ಬೇಕಾಗುವಷ್ಟು ಕಬ್ಬಿಣಾಂಶವನ್ನು ಊಟವೊಂದರಿಂದಲೇ ಒದಗಿಸುವುದು ಕಷ್ಟ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಮಾತ್ರೆ ತೆಗೆದುಕೊಳ್ಳಬೇಕು. ರಕ್ತ ಕಡಿಮೆಯಿದ್ದವರಿಗೆ ವೈದ್ಯರು ಹೆಚ್ಚಿಗೆ ಹೇಳುತ್ತಾರೆ. ಸುಣ್ಣಾಂಶದ ಮಾತ್ರೆಯನ್ನು ಇದರೊಡನೆ ನುಂಗದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಿ.

*ಬಾಣಂತಿ ಸೊಪ್ಪು ತಿಂದರೆ ಮಗುವಿಗೆ ಶೀತ, ಭೇದಿ ಆಗುವುದಿಲ್ಲವೇ?*
ತೊಳೆದು ಬೇಯಿಸಿದ ಸೊಪ್ಪಿನಿಂದ ಹಾಗಾಗುವುದಿಲ್ಲ. ಹೆರಿಗೆಯಲ್ಲಿ ಕಳೆದುಹೋದ ರಕ್ತ ತುಂಬಿಕೊಳ್ಳಬೇಕಾದ ಕಾಲದಲ್ಲಿಯೇ ಪಥ್ಯದ ಹೆಸರಿನಿಂದ ಸೊಪ್ಪು ತರಕಾರಿಗಳನ್ನು ನಿಲ್ಲಿಸುವುದು ಹಾನಿಕರ.

*ಗರ್ಭಿಣಿ ಪರಂಗಿ ಹಣ್ಣು ತಿನ್ನಬಹುದೇ?*
ಪೂರ್ತಿ ಹಣ್ಣಾದುದನ್ನು ಮಿತವಾಗಿ ತಿನ್ನಬಹುದು. ಹಾಲು ಸುರಿಯುವ ಕಾಯಿ, ದೋರೆಗಾಯಿ ಬೇಡ.

*ಸೋರೆಕಾಯಿ ಕಹಿಯಾಗಿದ್ದರೆ?*
ಎಸೆದುಬಿಡಿ. ಸೋರೆ, ಹೀರೆಗಳು ಕಹಿಯಾಗಿದ್ದರೆ ಅವುಗಳಲ್ಲಿ ವಿಷವಿರುತ್ತದೆ. ವಾಂತಿ, ರಕ್ತಭೇದಿ ಆಗಬಹುದು. ಬೇಯಿಸಿದರೂ ವಿಷ ಹೋಗುವುದಿಲ್ಲ. ಹೆಚ್ಚುವಾಗಲೇ ಚೂರು ರುಚಿ ನೋಡಿ ಉಗಿದುಬಿಡಿ.

*ಚಕ್ರಮುನಿ ಸೊಪ್ಪು ಬಹಳ ಒಳ್ಳೆಯದಂತೆ, ಹೌದೇ?*
ಬೇಯಿಸಿ ಆಗಾಗ ತಿನ್ನುವುದು ಒಳ್ಳೆಯದು. ಹಸಿ ಎಲೆಯ ರಸವನ್ನು ದಿನವೂ ಕುಡಿಯಬಾರದು. ತೈವಾನಿನಲ್ಲಿ 1990ರ ದಶಕದಲ್ಲಿ ಹಾಗೆ ಕುಡಿದ ಅನೇಕರಿಗೆ ಶ್ವಾಸಕೋಶದ ಗಂಭೀರ ರೋಗ ಬಂದಿತು.

*ನಮಗೆ ಹಿತ್ತಿಲೇ ಇಲ್ಲವಲ್ಲ?*
ಗೋಣಿಚೀಲದಲ್ಲಿ ಮಣ್ಣು, ಗೊಬ್ಬರ ತುಂಬಿ ಟೊಮೇಟೊ, ಬದನೆ ಬೆಳೆಯಬಹುದು. ಬಸಳೆಯ ಒಂದು ತುಂಡು ನೆಟ್ಟರೆ ಕಿಟಕಿಯ ಪಕ್ಕದಲ್ಲಿ ಹಬ್ಬುತ್ತದೆ. ಹೊಲದ ಬದುವಿನ ಹೊನಗೊನ್ನೆ, ಗೋಣಿಸೊಪ್ಪು, ಅಣ್ಣೆಸೊಪ್ಪುಗಳನ್ನು ಮರೆಯಬೇಡಿ. ಆದರೆ ಗುರುತಿಲ್ಲದ ಸೊಪ್ಪನ್ನು ಕೊಯ್ಯಬೇಡಿ.

ಗಂಡನ ಪಾಲು, ಹೆಂಡತಿಯ ಪಾಲು

ಕೈತೋಟ ಹೆಂಗಸರ ಕೆಲಸವೆಂಬ ಭಾವನೆ ಸರಿಯಲ್ಲ. ಮನೆ, ಮಕ್ಕಳು, ದನಕರು, ಹೊಲಗಳ ಜೊತೆಗೆ ಇನ್ನೊಂದು ಹೊರೆಯನ್ನು ಬಸುರಿಯ ತಲೆಯ ಮೇಲೆ ಹೊರಿಸಿದರೆ ತೋಟದಿಂದ ಆಗುವ ಲಾಭಕ್ಕಿಂತ ನಷ್ಟವೇ ಹೆಚ್ಚು. ಅಗೆಯುವುದು, ಬೇಲಿ ಕಟ್ಟುವುದು, ನೀರಿನ ಕೊಡ ಹೊರುವುದು ಗಂಡನ ಪಾಲಿಗಿರಲಿ. ಬೀಜ ಆರಿಸುವುದು, ಕೊಯ್ಯುವುದು, ಏನು ಹಾಕಬೇಕೆಂದು ತೀರ್ಮಾನಿಸುವುದು ಇಬ್ಬರೂ ಕೂಡಿ ನಡೆಯಲಿ. ಬೆಳೆ ತೆಗೆದ ಮಡಿಗೆ ಗೊಬ್ಬರ ಹಾಕಿ ಸ್ವಲ್ಪ ಕಾಲ ಸುಮ್ಮನೆ ಬಿಡುತ್ತೀರಿ. ಹೆತ್ತು ಹಾಲೂಡಿದ ತಾಯಿಯ ದೇಹಕ್ಕೂ ಕಳೆದುಕೊಂಡ ಕಬ್ಬಿಣಾಂಶವನ್ನು ತುಂಬಿಕೊಳ್ಳಲು ಕಾಲ ಬೇಕು. ಒಂದು ಹೆರಿಗೆಯಾದ ಮೇಲೆ ಎರಡು ವರ್ಷವಾದರೂ ಮತ್ತೆ ಗರ್ಭ ಧರಿಸದಿರುವುದು ಆಕೆಗೂ ಮಗುವಿಗೂ ಕ್ಷೇಮಕರ.

ಆ ತರುಣಿಯ ಹಿಮೋಗ್ಲೋಬಿನ್ ಒಂಬತ್ತನೆಯ ತಿಂಗಳಿಗೆ 10.8 ಗ್ರಾಂಗೆ ಏರಿತು. ಇದರಲ್ಲಿ ಹೆಚ್ಚಿನ ಪಾಲು ಮಾತ್ರೆಯದೆಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಗೂಡಿನಲ್ಲಿ ಬಿದ್ದಿದ್ದ ಮಾತ್ರೆ ಹೊರಗೆ ಬಂದುದು, ಮನೆಯವರೆಲ್ಲ ಅವಳ ಊಟದ ಕಡೆ ನೋಡತೊಡಗಿದುದು ಆ ಮಡಿಗಳಿಂದಲೇ. ಹೆರಿಗೆ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು, ರಕ್ತ ಕೊಡಬೇಕಾಗಲಿಲ್ಲ. ತಿಂಗಳು ಕಳೆದ ಮೇಲೆ ಗಂಡ ಆರೋಗ್ಯ ಕೇಂದ್ರಕ್ಕೆ ಬಂದು ಒಂದು ಕಾಗದದ ಪೊಟ್ಟಣ ಕೊಟ್ಟ. ಒಳಗೆ ದಂಟಿನ ಬೀಜವಿತ್ತು. “ಈ ಸಲ ಮರಳು ಬೆರೆಸಿ ಹಾಕಿ, ಡಾಕ್ಟ್ರೇ,” ಎಂದ.

ನೆನಪಿಡಿ

1. ಸೊಪ್ಪನ್ನು ವಾರಕ್ಕೊಂದು ಪಾಲಿನಂತೆ ಬಿತ್ತಿರಿ. ಒಂದೇ ದಿನ ಬಿತ್ತಬೇಡಿ.
2. ಕಳಿತ ಗೊಬ್ಬರವನ್ನೇ ಬಳಸಿರಿ; ಮೆಟ್ಟು ಮೆಟ್ಟಿಯೇ ಮಡಿಗಿಳಿಯಿರಿ.
3. ಕೀಟನಾಶಕ ಕೈತೋಟಕ್ಕೂ ಬೇಡ, ಮನೆಯೊಳಗೂ ಬೇಡ.
4. ಬಸುರಿ ಬಾಣಂತಿಯರ ಪಾಲನ್ನು ಮೊದಲು ತೆಗೆದಿಡಿ, ಮಿಕ್ಕುದನ್ನು ಮಾರಿರಿ.
5. ಕಬ್ಬಿಣದ ಮಾತ್ರೆಯನ್ನು ಬಿಡಬೇಡಿ.
6. ತಿಳಿದುದನ್ನು, ಉಳಿದ ಬೀಜವನ್ನು ನೆರೆಮನೆಯವರೊಡನೆ ಹಂಚಿಕೊಳ್ಳಿ.

ಇಂದೇ ಸಂಜೆ ನೀವಿಬ್ಬರೂ ಹಿತ್ತಿಲಿಗೆ ಹೋಗಿ, ಬಿಸಿಲು ಎಲ್ಲಿ ಬೀಳುತ್ತದೆ, ಬಚ್ಚಲ ನೀರು ಎಲ್ಲಿ ಹರಿಯುತ್ತದೆ ಎಂದು ನೋಡಿರಿ. ಒಂದು ಮಡಿಯನ್ನಾದರೂ ಅಗೆಯಿರಿ. ಮುಂದಿನ ತಿಂಗಳು ಅಂಗನವಾಡಿಗೆ ಬಂದಾಗ ಏನು ಬಂತು, ಏನು ಕೆಟ್ಟಿತು ಎಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ.